ಮಂಡಿ ಊರಿದ ಜಾಗ

ನಾನು ಹಲಸಿನ ಮರದ ಒಂದು ಹಲಗೆ. ಎರಡು ಮೊಳ ಉದ್ದ, ಎರಡು ತುದಿಗೆ ಗೇಣುದ್ದದ ಕಾಲು. ಕೂರುವ ಮಣೆ ಎಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ. ನನ್ನ ಮೇಲೆ ಯಾರೂ ಕೂತವರಲ್ಲ. ನಾನು ಮಂಡಿಮಣೆ, ಪ್ರಾರ್ಥನೆ ಮಾಡುವವರು ನನ್ನ ಮೇಲೆ ಮಂಡಿ ಊರುತ್ತಾರೆ. ಮುಖ ನೋಡಿ ಜನರನ್ನು ಗುರುತಿಸುವುದು ನಿಮ್ಮ ಪದ್ಧತಿ. ನಾನು ಇರುವುದೇ ನೆಲದ ಹತ್ತಿರ, ಹಾಗಾಗಿ ಮಂಡಿಯಿಂದಲೇ ಆಳನ್ನು ಅಳೆಯುತ್ತೇನೆ. ಅಳತೆ ತಪ್ಪಿದ್ದು ಕಡಿಮೆ.

ಹುಟ್ಟಿದ್ದು ಕನಕಪುರದ ಕಡೆಯ ರಾಯಪ್ಪನದೊಡ್ಡಿಯಲ್ಲಿ. ಅದು ಕ್ರೈಸ್ತರ ಊರು, ರೇಷ್ಮೆ ಹುಳ ಸಾಕುವವರ ಊರು. ಚರ್ಚಿನ ಹಿತ್ತಲಿನ ಹಲಸು ಗಾಳಿಗೆ ಬಿದ್ದಾಗ ಬಡಗಿ ಇನ್ನಾಸಪ್ಪ ಅದನ್ನು ಕೊಯ್ದು, ಪಾಪನಿವೇದನೆಯ ಪೆಟ್ಟಿಗೆಗೆ ಬೇಕಾದ ಹಲಗೆಗಳನ್ನು ತೆಗೆದ. ಪಾದ್ರಿಗಳು ಒಳಗೆ ಕೂತು, ತಪ್ಪು ಹೇಳಿಕೊಳ್ಳುವವರು ಹೊರಗೆ ಮಂಡಿಯೂರುವ ಪೆಟ್ಟಿಗೆ ಅದು. ಉಜ್ಜೋರಿ ಹಿಡಿದು ನನ್ನನ್ನು ನುಣುಪು ಮಾಡಿದ ಮೇಲೆ ಇನ್ನಾಸಪ್ಪ ತಾನೇ ಮಂಡಿಯೂರಿ ನೋಡಿದ. “ಚುಚ್ತದೆ. ಪಾಪ ಹೇಳಕ್ಕೆ ಬಂದೋನು ಮಂಡಿ ನೋವಲ್ಲಿ ಅರ್ಧಕ್ಕೇ ಎದ್ದೋಗ್ಬಾರ್ದು” ಎಂದು ಗೊಣಗಿ ಮತ್ತೆ ಉಜ್ಜಿದ. ನನ್ನ ಮೇಲೆ ಬಿದ್ದ ಮೊದಲ ಮಂಡಿ ಅವನದೇ.

ಪೆಟ್ಟಿಗೆಯ ಬುಡದಲ್ಲಿ ನಾನು ಕಳೆದ ಕಾಲ ದೊಡ್ಡದು. ನಾಳೆ ಮದುವೆ ಎನ್ನುವ ಗಂಡಿನ ಮಂಡಿ ನಡುಗುತ್ತದೆ. ಸಣ್ಣಪುಟ್ಟದ್ದನ್ನು ಹೇಳಿ ದೊಡ್ಡದನ್ನು ಮುಚ್ಚಿಡುವವನ ಮಂಡಿ ಒಂದು ಕಡೆ ನಿಲ್ಲುವುದಿಲ್ಲ. ಅಲ್ಲಿ ಕೇಳಿದ್ದೇನು ಎಂದು ಮಾತ್ರ ಕೇಳಬೇಡಿ. ಪಾದ್ರಿಗಳಿಗಿರುವ ಕಟ್ಟುಪಾಡು ನನಗೂ ಇದೆ.

ಲೂರ್ದಮ್ಮ ಈ ಊರಿಗೆ ಸೊಸೆಯಾಗಿ ಬಂದದ್ದು ಆ ಕಾಲದಲ್ಲೇ. ಅವಳ ಮಂಡಿ ಬೇರೆಯವರ ಹಾಗಲ್ಲ. ಉಳಿದವರು ಒಂದು ಕಾಲು ಊರಿ, ಸೀರೆ ಸರಿಮಾಡಿಕೊಂಡು, ಇನ್ನೊಂದನ್ನು ಊರುತ್ತಿದ್ದರು. ಇವಳು ಎರಡನ್ನೂ ಒಟ್ಟಿಗೆ ಊರಿ, ಹೇಳುವುದನ್ನು ಹೇಳಿ, ಎದ್ದು ಹೋಗುತ್ತಿದ್ದಳು. ಮಾತಿನಲ್ಲೂ ಹಾಗೆಯೇ, ಸುತ್ತುಬಳಸಿಲ್ಲ.

ಮುಂದೆ ಚರ್ಚಿಗೆ ಟೈಲ್ಸ್ ಬಂತು, ರೆಕ್ಸಿನ್ ಮೆತ್ತೆಯ ಹೊಸ ಪೆಟ್ಟಿಗೆ ಬಂತು. ಹಳೆಯದನ್ನು ಕಿತ್ತು ಅಡುಗೆ ಒಲೆಗೆ ಒಟ್ಟಿದರು. ಚರ್ಚಿನ ಹಬ್ಬದ ಊಟಕ್ಕೆ ಈರುಳ್ಳಿ ಹೆಚ್ಚಲು ಬಂದಿದ್ದ ಲೂರ್ದಮ್ಮ ನನ್ನನ್ನು ಕಂಡವಳೇ ಕತ್ತಿ ಕೆಳಗಿಟ್ಟು ರಾಶಿಯಿಂದ ಎಳೆದಳು.

“ಅದೇನವ್ವಾ, ಸೌದೆ ಹೊತ್ಕೊಂಡು ಹೊಂಟೆ?” ಎಂದ ಅಡುಗೆಯವನು.

“ಸೌದೆ ಅಲ್ಲ ಕಣಣ್ಣ. ಇದ್ರ ಮ್ಯಾಲೆ ನಾನು ಅತ್ತಿವ್ನಿ” ಎಂದಳು. ಹೀಗೆ ನಾನು ಬೆಂಕಿಯ ಬಾಯಿಂದ ಪಾರಾಗಿ ಅವಳ ಮನೆ ಸೇರಿದೆ.

ಆ ಮನೆಯಲ್ಲಿ ಮನುಷ್ಯರಿಗಿಂತ ಹುಳಗಳದೇ ದರ್ಬಾರು. ಹುಳಕ್ಕೆ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು, ಇಲ್ಲದಿದ್ದರೆ ಬೆಳೆ ಕೆಡುತ್ತದೆ. ಆದರೂ ಬೆಳಗಿನ ಮೊದಲ ಸೊಪ್ಪಿಗಿಂತ ಮುಂಚೆ ಲೂರ್ದಮ್ಮ ನನ್ನ ಮೇಲೆ ಮಂಡಿಯೂರುತ್ತಿದ್ದಳು. ಅವಳ ಪ್ರಾರ್ಥನೆಯಲ್ಲಿ ಬೆಣ್ಣೆ ಹಚ್ಚುವ ಮಾತಿರಲಿಲ್ಲ. “ಸರ್ವೇಶ್ವರಾ, ನಿನ್ನೆದು ನಿನ್ನೆಗೇ ಆಗೋಯ್ತು. ಇವತ್ತಿಗೆ ಹೊಸ್ದಾಗಿ ಕೊಡು” ಎಂದು ಶುರು ಮಾಡುವಳು. ಗಂಡ ಚೌರಪ್ಪನನ್ನು ಮಣ್ಣು ಮಾಡಿ ಬಂದ ಮರುದಿನವೂ ಅದೇ ಹೊತ್ತಿಗೆ ಬಂದಳು. ಬಹಳ ಹೊತ್ತು ಮಂಡಿಯೂರಿದ್ದು, ಕಡೆಗೆ ಎದ್ದು ಸೊಪ್ಪು ಹಾಕಲು ಹೋದಳು.

ಹಲಸು ಗಟ್ಟಿ ಮರವೇ. ಆದರೂ ದಿನಾ ಬೀಳುವ ಭಾರಕ್ಕೆ ಸವೆದು ನನ್ನಲ್ಲಿ ಎರಡು ಗುಂಡಿ ಬಿದ್ದವು, ಲೂರ್ದಮ್ಮನ ಎರಡು ಮಂಡಿಯ ಅಳತೆಗೆ. ಅಕ್ಟೋಬರ್ ಜಪಸರದ ತಿಂಗಳು, ಸರದ ಮಣಿಮಣಿಗೂ ‘ನಮೋ ಮರಿಯ’ ಎಂದು ಪ್ರಾರ್ಥಿಸುವ ತಿಂಗಳು. ನಮ್ಮ ಬೀದಿಯಲ್ಲಿ ಮಾತೆ ಮರಿಯಮ್ಮನ ಸ್ವರೂಪವನ್ನು, ಅಂದರೆ ಪ್ರತಿಮೆಯನ್ನು, ದಿನಕ್ಕೊಂದು ಮನೆಗೆ ಕರೆದೊಯ್ಯುತ್ತಾರೆ. ಯಾರ ಮನೆಗೆ ಮಾತೆ ಬರುತ್ತಾಳೋ ಆ ಮನೆಯ ಹಿರಿಯರೇ ಮಂಡಿಯೂರಿ ಜಪಸರ ನಡೆಸಬೇಕು. ಅವರು ಅರ್ಧ ಹೇಳಿದರೆ ಬೀದಿಯವರು ಉಳಿದರ್ಧ ಹೇಳುತ್ತಾರೆ. ಮಾತೆಯ ಜೊತೆ ನಾನೂ ಮನೆಮನೆ ತಿರುಗುತ್ತಿದ್ದೆ. “ಲೂರ್ದಮ್ಮನ ಗುಂಡಿ ನಮ್ಮ ಮಂಡಿಗೆ ಕೂರಲ್ಲ” ಎಂದು ಎಲ್ಲರೂ ಗೊಣಗುವುದನ್ನು ಕೇಳಿದರೆ ನನಗೆ ಒಳಗೊಳಗೇ ಹಿಗ್ಗು.

ವಯಸ್ಸು ಯಾರನ್ನು ಬಿಟ್ಟಿದೆ? ಅವಳ ಮಂಡಿಗಳು ಊದಿಕೊಂಡವು. ಡಾಕ್ಟರು ಇನ್ನು ಮಂಡಿಯೂರಲೇ ಕೂಡದು ಎಂದರು. ಅವಳು ಔಷಧಿ ತಗೊಂಡಳು, ಮಾತನ್ನು ಅಲ್ಲೇ ಬಿಟ್ಟು ಬಂದಳು. ಹಲ್ಲು ಕಚ್ಚಿಕೊಂಡು ಇಳಿಯುವಳು, ಗೋಡೆ ಹಿಡಿದು ಏಳುವಳು. ಒಂದು ಮುಂಜಾನೆ ಏಳುವಾಗ ಕೈ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದವಳು ಮಂಚ ಬಿಟ್ಟು ಇಳಿಯಲಿಲ್ಲ. ಸೊಸೆ ಸೆಲೀನಾ ನನ್ನನ್ನು ಹುಳದ ಮನೆಯ ಮೂಲೆಗೆ ಒರಗಿಸಿದಳು. ನಾನೇ ಬೀಳಿಸಿದೆನೇನೋ ಎನ್ನುವ ಹಾಗಿತ್ತು ಅವಳ ನೋಟ.

ಸೆಲೀನಾ ಒಳ್ಳೆಯವಳು, ಕೆಲಸದವಳು, ಪ್ರಾರ್ಥನೆಯಲ್ಲಿ ಮಾತ್ರ ಅವಸರದವಳು. “ಕುಂತ್ಕೊಂಡೇ ಜಪ ಮಾಡಿ ಅತ್ತೆ. ದೇವ್ರೇನು ಬೇಡ ಅಂದಾನಾ?” ಎಂದು ಅತ್ತೆಗೆ ಹೇಳಿದಳು.

“ಕಾಲು ಚಾಚ್ಕೊಂಡು ಕುಂತು ಮಾತಾಡಕ್ಕೆ ನಾನೇನು ಆತನ ಬೀಗಿತ್ತಿಯಾ?” ಎಂದಳು ಲೂರ್ದಮ್ಮ. ಸೆಲೀನಾ ನಕ್ಕಳು. ಲೂರ್ದಮ್ಮ ನಗಲಿಲ್ಲ. “ಮಂಡಿ ಹೋದ ಮ್ಯಾಲೆ ಆತನ ಮುಂದುಕ್ಕೆ ಹೋಗೋ ದಾರಿನೇ ಮುಚ್ಕೋತು ಕಣಮ್ಮಿ” ಎಂದು ಗೋಡೆಗೆ ಮುಖ ತಿರುಗಿಸಿದಳು.

ಅವಳು ಪ್ರಾರ್ಥನೆ ಬಿಟ್ಟಳು. ಬೆಳಗಾಗುತ್ತಿತ್ತು, ಹುಳಗಳು ಸೊಪ್ಪು ಮೇಯುವ ಸರಸರ ಸದ್ದು ಕೇಳುತ್ತಿತ್ತು, ಅವಳ ದನಿ ಮಾತ್ರ ಇಲ್ಲ. ಮೂಲೆಯಲ್ಲಿದ್ದ ನನಗೆ ಅದನ್ನು ಸಹಿಸಲು ಆಗುತ್ತಿರಲಿಲ್ಲ. ಊಟವೂ ಕಡಿಮೆಯಾಯಿತು. ಅಕ್ಟೋಬರ್ ಹತ್ತಿರ ಬಂದಾಗ ಬೀದಿಯವರು ನಿಮ್ಮ ಮನೆಗೆ ಮಾತೆ ಯಾವತ್ತು ಬರಲಿ ಎಂದು ಕೇಳಿ ಕಳಿಸಿದರು. “ಈ ವರ್ಷ ನಮ್ಮನೆಗೆ ಬ್ಯಾಡ ಅನ್ನು” ಎಂದಳು ಲೂರ್ದಮ್ಮ. ಮಾತೆಯನ್ನು ಬೇಡ ಎಂದ ಮನೆ ಆ ಬೀದಿಯಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಸೆಲೀನಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೋಗಿ ಹೇಳಲು ಅವಳಿಗೆ ಕಾಲೇ ಬರಲಿಲ್ಲ.

ತಿಂಗಳ ಮೊದಲ ಶುಕ್ರವಾರ ಪಾದ್ರಿಗಳು ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದದ ತೆಳು ರೊಟ್ಟಿ ತರುವುದು ರೂಢಿ. ಯೇಸುಸ್ವಾಮಿಯೇ ಮನೆಗೆ ಬಂದ ಹಾಗೆ ಎಂದು ಒಂದು ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ ಕಾಯಬೇಕು. ಅವತ್ತು ನಮ್ಮ ಪಾದ್ರಿ ಜ್ಞಾನಪ್ರಕಾಶ ಸ್ವಾಮಿಗಳು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಸೆಲೀನಾ ಮೇಜಿಗಾಗಿ ಹುಡುಕಾಡಿದಳು. ಟೀಪಾಯಿಯ ಮೇಲೆ ಹುಳದ ತಟ್ಟೆ. ಕೈಗೆ ಸಿಕ್ಕಿದ ನನ್ನನ್ನೇ ತಂದು, ಮಂಚದ ಮೇಲೆ ಅತ್ತೆಯ ಕಾಲಿಗೆ ಅಡ್ಡಲಾಗಿ ನಿಲ್ಲಿಸಿ, ಗೋಡೆಯ ಕಡೆ ನೋಡುತ್ತಿದ್ದ ಅತ್ತೆ ತಿರುಗುವ ಮುಂಚೆ ನನ್ನ ಮೇಲೆ ಬಿಳಿ ಬಟ್ಟೆ ಹಾಸಿದಳು.

ಸ್ವಾಮಿಗಳು ಪರಮಪ್ರಸಾದದ ಪುಟ್ಟ ಡಬ್ಬಿಯನ್ನು ಬಟ್ಟೆಯ ಮೇಲಿಟ್ಟರು. ಅದು ನಿಲ್ಲಲಿಲ್ಲ. ಮೆಲ್ಲಗೆ ಜಾರಿ, ಬಟ್ಟೆಯನ್ನು ತಗ್ಗಿಸಿಕೊಂಡು ನನ್ನ ಬಲಗಡೆಯ ಗುಂಡಿಯಲ್ಲಿ ಹೋಗಿ ಕೂತಿತು. ಲೂರ್ದಮ್ಮನಿಗೆ ಆ ತಗ್ಗು ಗೊತ್ತಾಗದೆ ಇರುತ್ತದೆಯೇ?

“ಅಯ್ಯೋ, ತಗೀರಿ ಸ್ವಾಮ್ಯೋರೆ, ತಗೀರಿ!”

“ಏನಾಯ್ತಮ್ಮ?”

“ಅದು ಮಂಡಿಮಣೆ! ನನ್ನ ಮಂಡಿ ಊರಿದ ಜಾಗ! ಊರೋರ ಕಾಲ್ ಧೂಳೆಲ್ಲ ಅದ್ರಾಗೇ ಅದೆ. ಅಲ್ಲಿ ಯೇಸುಸ್ವಾಮಿನ ಇಡಬೌದಾ?”

ಸೆಲೀನಾಳ ಮುಖ ಬಾಡಿತು. “ಅವಸರದಾಗೆ ತಿಳೀದೆ ತಂದ್ಬುಟ್ಟೆ ಸ್ವಾಮಿ” ಎಂದಳು. ಸ್ವಾಮಿಗಳು ಡಬ್ಬಿ ಎತ್ತಲು ಕೈ ಚಾಚಿದರು. ಅಷ್ಟರಲ್ಲಿ ಲೂರ್ದಮ್ಮನೇ ಆ ಕೈಯನ್ನು ಅಡ್ಡ ಹಿಡಿದಳು. ಡಬ್ಬಿಯನ್ನೇ ನೋಡುತ್ತಾ ಇದ್ದಳು.

“ಇರ್ಲಿ ಬುಡಿ ಸ್ವಾಮಿ” ಎಂದಳು ಕಡೆಗೆ. “ನಾನು ಬರಂಗಿಲ್ಲ ಅಂತ ಗೊತ್ತಾಗಿ, ಆತನೇ ಬಂದು ನನ್ನ ಜಾಗದಾಗೆ ಕುಂತವ್ನೆ.”

ಸ್ವಾಮಿಗಳು ಡಬ್ಬಿಯನ್ನು ಅಲ್ಲೇ ತೆರೆದರು. ಪ್ರಸಾದ ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಹೋದರು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ಮನುಷ್ಯರ ಭಾರ ಹೊತ್ತವನು ನಾನು. ಅಂಥ ಹಗುರವಾದದ್ದನ್ನು ಎಂದೂ ಹೊತ್ತಿರಲಿಲ್ಲ.

ಮರುದಿನ ಹುಳಕ್ಕೆ ಸೊಪ್ಪು ಬೀಳುವ ಮುಂಚೆ “ಸೆಲೀನಾ, ಮಣೆ ತಾ” ಎಂಬ ಕೂಗು ಬಂತು. ದಿಂಬಿಗೆ ಒರಗಿ ಎದ್ದು ಕೂರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕಾಲಿಗೆ ಅಡ್ಡಲಾಗಿ ನಾನು ನಿಂತ ಮೇಲೆ ಮುಂದಕ್ಕೆ ಬಾಗಿ, ಮಂಡಿಯ ಗುಂಡಿಗಳಲ್ಲಿ ಎರಡೂ ಮೊಣಕೈ ಊರಿದಳು. “ನಿನ್ನೆದು ನಿನ್ನೆಗೇ ಆಗೋಯ್ತು” ಎಂದು ಶುರು ಮಾಡಿದಳು. ಮೊಣಕೈಯ ತೆಳು ಚರ್ಮ ಕೆಲವೇ ದಿನಗಳಲ್ಲಿ ಕಿತ್ತು ಬಂತು. ಬಟ್ಟೆ ಸುತ್ತಿಕೊಂಡಳು, ಬಿಡಲಿಲ್ಲ. ಒಂದು ದಿನ ಮೈ ಸುಡುತ್ತಿದ್ದಾಗ “ಜ್ವರ ಐತೆ, ಇವತ್ತೊಂದಿನ ಮಲಗಿ ಅತ್ತೆ” ಎಂದು ಸೆಲೀನಾ ಗೋಗರೆದಳು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಕೂರುವುದನ್ನೂ ನಮ್ಮ ಕಡೆ ಜ್ವರ ಎಂದೇ ಕರೆಯುತ್ತಾರೆ.

“ಹುಳ ಜ್ವರಕ್ಕೆ ಕುಂತಾಗ ಸತ್ತೋಯ್ತು ಅಂತ ಎಸೀತೀಯಾ?” ಎಂದಳು ಲೂರ್ದಮ್ಮ. “ಹಳೇ ಚರ್ಮ ಬುಟ್ಟು ಎದ್ದು ಸೊಪ್ಪು ಕೇಳ್ತದೆ. ನಂದೂ ದಿನಾ ಅದೇಯ. ಎತ್ತು ನನ್ನ.”

ಮಾತೆ ಆ ವರ್ಷ ನಮ್ಮ ಮನೆಗೆ ಬಂದಳು. ಸೆಲೀನಾ ಬೇಡ ಎಂದು ಹೇಳಲು ಹೋಗಿರಲೇ ಇಲ್ಲವಲ್ಲ! ನಡುಮನೆ ತುಂಬಿ ಜಗಲಿಯವರೆಗೂ ಜನ ಮಂಡಿಯೂರಿದರು. ಮಂಚದ ಮೇಲಿಂದ ಲೂರ್ದಮ್ಮ ಜಪಸರ ಶುರು ಮಾಡಿದಳು. ಅರ್ಧ ದಾರಿಯಲ್ಲಿ ದನಿ ಕೈಕೊಟ್ಟಿತು. ಬಾಯಿ ತೆರೆಯುತ್ತಾಳೆ, ಬರೀ ಉಸಿರು ಬರುತ್ತದೆ. ಜನ ಕಾದರು. ಮನೆಯವರ ಪಾಲಿನ ಮಾತನ್ನು ಹೊರಗಿನವರು ಹೇಳುವ ಹಾಗಿಲ್ಲ. ಸೆಲೀನಾ ಅಷ್ಟು ಜನರ ಮುಂದೆ ನಾಚಿ ತಲೆ ತಗ್ಗಿಸಿದಳು. ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತದೆ ಎಂದು ನನಗೂ ದಿಗಿಲಾಯಿತು.

ಆಗ ಲೂರ್ದಮ್ಮ ಬೆರಳ ಗೆಣ್ಣಿನಿಂದ ನನ್ನ ಮೇಲೆ ಟಕ್ ಎಂದು ಬಡಿದಳು. ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಬಡಿದಳು, ಈ ಸಲ ಜೋರಾಗಿ, ಕಣ್ಣು ಬಿಟ್ಟು ಎಲ್ಲರನ್ನೂ ನೋಡುತ್ತಾ. ಜಗಲಿಯ ಕಡೆಯಿಂದ ಯಾರೋ ಉಳಿದರ್ಧವನ್ನು ಹೇಳಿದರು. ಆಮೇಲೆ ಮನೆಗೆ ಮನೆಯೇ ದನಿಗೂಡಿತು. ಅವಳ ಪಾಲಿನ ನಮೋ ಮರಿಯ ನನ್ನ ಮೈಯಿಂದ ಹೊರಟಿತು, ಬೀದಿಯ ಪಾಲಿನದು ಅವರ ಬಾಯಿಂದ. ಗೆಣ್ಣು ಕೆಂಪಾದರೂ ಒಂದು ಮಣಿಯನ್ನೂ ಬಿಡದೆ ಜಪಸರ ಮುಗಿಸಿದಳು.

ಈಗ ನನಗೂ ವಯಸ್ಸಾಗಿದೆ. ಒಂದು ಕಾಲಿಗೆ ಗೆದ್ದಲು ಹತ್ತಿ, ಸೆಲೀನಾ ಸೀಮೆಎಣ್ಣೆ ಬಳಿದು ತಗಡು ಹೊಡೆದಿದ್ದಾಳೆ. ಲೂರ್ದಮ್ಮನ ಮಂಚದ ತಲೆದೆಸೆಯೇ ನನ್ನ ಜಾಗ. ನಾನು ಮರ, ನೇರವಾಗಿ ಹೇಳುತ್ತೇನೆ: ಸವೆದದ್ದು ಸವೆಯಿತು. ನನ್ನ ಗುಂಡಿ ತುಂಬಿಕೊಂಡಿಲ್ಲ, ಅವಳ ಮಂಡಿ ಮರಳಿಲ್ಲ, ದನಿಯೂ ಮರಳಿಲ್ಲ. ಸಂಜೆ ಸೆಲೀನಾ ಅವಳನ್ನು ಮಲಗಿಸುವಾಗ ಇನ್ನೇನೂ ಉಳಿದಿಲ್ಲ ಎಂದೇ ಕಾಣುತ್ತದೆ. ಬೆಳಗ್ಗೆ ನನ್ನ ಹತ್ತಿರ ಬರುವವಳು ಮಾತ್ರ ಆ ಸಂಜೆಯವಳಲ್ಲ. ಮರದಲ್ಲಿ ಇಲ್ಲದ ಯಾವುದೋ ಒಂದು ಅವಳಲ್ಲಿ ದಿನವೂ ಹೊಸದಾಗಿ ಹುಟ್ಟುತ್ತದೆ. ಅದು ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಗೊತ್ತು. ಅವಳ ಭಾರ ಹೊತ್ತು ಹೊತ್ತು ನನಗೂ ಸ್ವಲ್ಪ ಗೊತ್ತಾಗಿದೆ.

ಇವತ್ತು ಬೆಳಗ್ಗೆ ಅವಳ ಕೈಗಳು ಏಳಲಿಲ್ಲ. ಸೆಲೀನಾ ನನ್ನ ಮೇಲೆ ಎತ್ತಿ ಇಟ್ಟರೂ ಜಾರಿ ಬಿದ್ದವು. “ಬುಡಿ ಅತ್ತೆ, ಇವತ್ತು ನಾನೇ ಹೇಳ್ತೀನಿ” ಎಂದಳು ಸೆಲೀನಾ. ಲೂರ್ದಮ್ಮ ತಲೆ ಅಲ್ಲಾಡಿಸಿದಳು. ಕತ್ತು ಬಗ್ಗಿಸಿದಳು, ಬೆನ್ನು ಬಗ್ಗಿಸಿದಳು, ನಡುವೆ ನಿಂತು ಉಸಿರು ಎಳೆದುಕೊಂಡಳು, ಇನ್ನೂ ಬಗ್ಗಿದಳು. ಸೆಲೀನಾ ಹಿಡಿಯಲು ಬಂದವಳು ಕೈ ಹಿಂದೆ ತೆಗೆದು, ಮಂಚದ ಪಕ್ಕ ನೆಲದ ಮೇಲೆ ಮಂಡಿಯೂರಿದಳು.

ಲೂರ್ದಮ್ಮನ ಹಣೆ ಬಂದು ನನಗೆ ತಾಗಿತು. ಮಂಡಿ ಗೊತ್ತಿತ್ತು, ಮೊಣಕೈ ಗೊತ್ತಿತ್ತು, ಬೆರಳ ಗೆಣ್ಣು ಗೊತ್ತಿತ್ತು. ಹಣೆ ಇದೇ ಮೊದಲು. ಬೆಚ್ಚಗಿತ್ತು. ನಾಳೆಯೂ ಬರುತ್ತಾಳೆ, ಗೆದ್ದಲು ತಿಂದ ಈ ಕಾಲಿನ ಮೇಲೆ ನಾನು ಗಟ್ಟಿಯಾಗಿ ನಿಂತಿರಬೇಕು.