ಕಬ್ಬಿಣದ ನಾಯಕನ ಕೂಗು

ಆ ಪೆಟ್ಟಿಗೆಯೊಳಗೆ ನನಗೆ ನಿದ್ದೆ ಬಂದುಬಿಟ್ಟಿತ್ತು ಎಂದು ನಲವತ್ತು ವರ್ಷಗಳಿಂದ ಅಕ್ಕನಿಗೆ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಚೆನ್ನಾಗಿ ಸಾಕಿದ ಸುಳ್ಳು. ಅದನ್ನು ಹಾಳು ಮಾಡಿದ್ದು ಒಂದು ಕಾರ್ಟೂನು.

ಕಾರ್ಟೂನು ಅಂದರೆ ನಮ್ಮ ನಿರ್ದೇಶಕರಿಗೆ ಮೈಯೆಲ್ಲ ಉರಿಯುತ್ತದೆ. 'ಅನಿಮೇಷನ್ ಸರಣಿ' ಅನ್ನಬೇಕು. ಆಯಿತು, ಹಾಗೇ ಇರಲಿ. 'ಏಳು ಕೋಟೆ' ಎಂಬ ವಿಡಿಯೋ ಗೇಮ್ ಆರು ಭಾಗಗಳಲ್ಲಿ ಬಂದಿದೆ. ಮಾಟಗಾತಿಯರು, ಡ್ರ್ಯಾಗನ್‌ಗಳು, ಮುತ್ತಿಗೆ ಹಾಕುವ ಸೈನ್ಯಗಳು. ಚದುರಂಗದ ಹಾಗೆ ಒಂದು ಸಲ ನೀವು ನಡೆಸಬೇಕು, ಒಂದು ಸಲ ಶತ್ರು. ಅದನ್ನೇ ಈಗ ಸರಣಿ ಮಾಡುತ್ತಿದ್ದರು. ಅದಕ್ಕೆ ಸದ್ದು ಕೂಡಿಸುವವನು ನಾನು. ಪರದೆಯ ಮೇಲೆ ಯಾರಾದರೂ ಹಿಮದಲ್ಲಿ ನಡೆದರೆ ನಾನು ಹಿಟ್ಟಿನ ಚೀಲ ಹಿಸುಕುತ್ತೇನೆ. ಡ್ರ್ಯಾಗನ್ ರೆಕ್ಕೆ ಬಿಚ್ಚಿದರೆ ಅಪ್ಪನ ಹಳೆಯ ಕೊಡೆ ಬಿಚ್ಚುತ್ತೇನೆ. ನಲವತ್ತಾರು ವರ್ಷದ ಗಂಡಸು ಸಂಬಳ ತೆಗೆದುಕೊಂಡು ಮಾಡುವ ಕೆಲಸ ಇದು.

ನನ್ನ ಕೆಲಸ ಬಿಡುಗಡೆಯಾದಾಗಲೆಲ್ಲ ಅಕ್ಕ ಮನೆಗೆ ಬಂದು ಪಕ್ಕದಲ್ಲೇ ಕೂತು ನೋಡುತ್ತಾಳೆ. ನೋಡುತ್ತಾಳೆ ಎನ್ನುವುದೂ ತಪ್ಪು. ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ. "ಇದು ಅಪ್ಪನ ಕೊಡೆ ಅಲ್ವೇನೋ?" ಎನ್ನುತ್ತಾಳೆ. ಒಂದೂ ತಪ್ಪುವುದಿಲ್ಲ.

ಆಟದಲ್ಲಿ ಕಬ್ಬಿಣದ ನಾಯಕ ಎಂಬುವನೊಬ್ಬ ಇದ್ದಾನೆ. ಆರು ಭಾಗಗಳಲ್ಲೂ ಆಡುವವರು ಅವನನ್ನು ಚೌಕದಿಂದ ಚೌಕಕ್ಕೆ ತಳ್ಳಿದ್ದಾರೆ, ಅವನು ಒಂದು ಮಾತೂ ಆಡಿಲ್ಲ. ಸರಣಿಯಲ್ಲಿ ಅವನಿಗೆ ಯಾವ ದನಿ ಕೊಡಬೇಕೆಂದು ತಿಳಿಯದೆ ನಿರ್ದೇಶಕರು ತಲೆ ಕೆರೆದುಕೊಳ್ಳುತ್ತಿದ್ದರು. ಸದ್ಯಕ್ಕೆ ನನ್ನಿಂದ ನಡಿಗೆಯ ಸದ್ದು ಮಾತ್ರ ಬೇಕಿತ್ತು.

"ತಗಡು ಬೇಡ ಸಾರ್. ಆಟ ಆಡಿದೋರು ಕಂಡುಹಿಡೀತಾರೆ," ಎಂದು ನಿರ್ದೇಶಕರು ನಾಟಕದವರಿಂದ ನಿಜವಾದ ಕಬ್ಬಿಣದ ಕವಚ ಬಾಡಿಗೆಗೆ ತರಿಸಿದರು. ಧ್ವನಿಮುದ್ರಣ ಮಾಡುವವನನ್ನು ನಾವು 'ಕಿವಿ' ಎಂದೇ ಕರೆಯುವುದು. ಅವನೇ ನನ್ನ ಕೈಗೆ ಕಬ್ಬಿಣದ ಗವಸು ತೊಡಿಸಿ, ಮಣಿಕಟ್ಟಿನ ಹತ್ತಿರ ದಾರ ಬಿಗಿದು, ಶಿರಸ್ತ್ರಾಣದ ಮುಖಮುಚ್ಚಳ ಎಳೆದು ಹೊರಗೆ ಹೋದ. ಬಾಗಿಲು ಮುಚ್ಚಿತು, ಮುದ್ರಣದ ಕೆಂಪು ದೀಪ ಹತ್ತಿತು. ಆ ದೀಪ ಉರಿಯುವಾಗ ಬೆಂಕಿ ಬಿದ್ದರೂ ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಹಟ ಹಿಡಿದು ಆ ನಿಯಮ ಮಾಡಿಸಿದವನು ನಾನೇ.

ಇಪ್ಪತ್ತು ಹೆಜ್ಜೆ ನಡೆದೆ. ಮಂಡಿಯೂರಿದೆ. ಕೆಲಸ ಮುಗಿಯಿತೆಂದು ಮುಚ್ಚಳ ಎತ್ತಲು ಹೋದರೆ ಚಿಲಕ ಕಚ್ಚಿಕೊಂಡಿತ್ತು. ಕಬ್ಬಿಣದ ಬೆರಳಿಗೆ ಆ ಪುಟ್ಟ ಚಿಲಕ ಸಿಗಲೊಲ್ಲದು. ಮೊದಲು ನಗು ಬಂತು. ಆಮೇಲೆ ನನ್ನ ಉಸಿರೇ ಬಿಸಿಯಾಗಿ ನನ್ನ ಮುಖಕ್ಕೆ ಹೊಡೆಯತೊಡಗಿತು. ಆ ಬಿಸಿ ನನಗೆ ಗೊತ್ತಿದ್ದದ್ದು. ಆರು ವರ್ಷದವನಿದ್ದಾಗ, ಹಾಸಿಗೆ ಹೊದಿಕೆ ಇಡುವ ಮರದ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದಾಗ, ಹತ್ತು ವರ್ಷದ ಅಕ್ಕ ಹೊರಗಿನಿಂದ ಚಿಲಕ ಹಾಕಿದ್ದಳು. ಬೀದಿಗೆ ಆಡಲು ಹೋಗಿ ಮರೆತುಬಿಟ್ಟೆ ಎಂದು ಆಮೇಲೆ ಅತ್ತಳು. ಅಮ್ಮ ಸಂಜೆ ಬಂದು ತೆಗೆದಳು. ಅಕ್ಕ ಅಷ್ಟು ಅಳುವುದನ್ನು ನೋಡಲಾರದೆ, ನಿದ್ದೆ ಬಂದಿತ್ತು, ಏನೂ ನೆನಪಿಲ್ಲ ಎಂದುಬಿಟ್ಟೆ.

"ಅಕ್ಕಾ, ತೆಗಿಯೇ! ಅಕ್ಕಾ!" ಎಂದು ಕಬ್ಬಿಣದೊಳಗಿಂದ ಕೂಗಿದೆ. ಕಾಲಡಿ ನೆಲ ಎಲ್ಲಿದೆ ಎಂದು ತಿಳಿಯದೆ ಬಿದ್ದೆ. ಗಾಜಿನ ಆಚೆ ಕೂತಿದ್ದ ಕಿವಿಗೆ ಎಲ್ಲವೂ ಕೇಳುತ್ತಿತ್ತು. ಎದ್ದು ಬರಲು ಹೊರಟವನ ಕೈಯನ್ನು ನಿರ್ದೇಶಕರು ಹಿಡಿದುಕೊಂಡರಂತೆ. "ಮುಟ್ಬೇಡ. ಮಾಡ್ಲಿ ಬಿಡು, ಅದ್ಭುತವಾಗಿ ಮಾಡ್ತಿದಾರೆ." ಏಳು ನಿಮಿಷ.

ಕೊನೆಗೆ ಕಿವಿ ಬಂದು ಚಿಲಕ ಬಿಡಿಸಿದ. ಹೊರಗೆ ಬಂದಾಗ ನಿರ್ದೇಶಕರ ಕಣ್ಣು ಒದ್ದೆಯಾಗಿತ್ತು. "ನಾಯಕನ ದನಿ ಸಿಕ್ತು ಸಾರ್!"

"ಅದನ್ನ ಅಳಿಸಿಬಿಡಿ. ಅದು ಅಭಿನಯ ಅಲ್ಲ."

"ಅಲ್ಲ ಅಂತಾನೇ ಬೇಕು ಸಾರ್."

ಕಾಲು ಹಿಡಿಯುವುದೊಂದು ಬಾಕಿ, ಎಲ್ಲ ಮಾಡಿದೆ. ಅವರು ಒಪ್ಪಂದದ ಹಾಳೆ ತೋರಿಸಿದರು: ಆ ಕೋಣೆಯಲ್ಲಿ ನಾನು ಮಾಡುವ ಸದ್ದೆಲ್ಲ ಕಂಪನಿಯದು. ಸೀನಿದರೂ ಅವರದ್ದೇ. ಕತೆ ಬರೆಯುವವರು ಕೂಗಿಗೆ ತಕ್ಕಂತೆ ನಾಯಕನಿಗೊಬ್ಬ ಅಕ್ಕನನ್ನು ಹುಟ್ಟಿಸಿದರು. ಮುಂದಿನ ಭಾಗಗಳಿಗೂ ನಾನೇ ಕೂಗಬೇಕಂತೆ. ಶಿರಸ್ತ್ರಾಣವನ್ನು ಕಂಪನಿ ಕೊಂಡೇಬಿಟ್ಟಿತು.

ಅಕ್ಕನಿಗೆ ಬಿಡುಗಡೆಯ ದಿನ ತಪ್ಪು ಹೇಳಿದೆ. ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಬಂದು ಸೋಫಾದ ಮೇಲೆ ಕಾಲು ಮಡಚಿ ಕೂತು, ರಿಮೋಟು ತಾನೇ ಇಟ್ಟುಕೊಂಡು, ಕಣ್ಣು ಮುಚ್ಚಿದಳು. ಮೂರು ಕಂತು ಸರಾಗವಾಗಿ ಮುಗಿಯಿತು. ಕೊಡೆ, ಹಿಟ್ಟಿನ ಚೀಲ, ಅಡುಗೆಮನೆ ಬಾಗಿಲ ಕೀಲು, ಎಲ್ಲವನ್ನೂ ಹಿಡಿದಳು. ನಾಲ್ಕನೆಯದು ಶುರುವಾದಾಗ ನಾನು ಸ್ಟೀಲಿನ ತಟ್ಟೆಯೊಂದನ್ನು ಕೈಯಲ್ಲಿ ಹಿಡಿದು ನಿಂತೆ. ಒಂದು ಸದ್ದನ್ನು ಮುಚ್ಚಲು ಇನ್ನೊಂದು ಸದ್ದು ಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿದ್ದೇನೆ. ನಾಯಕ ಮಂಡಿಯೂರಿದ. ತಟ್ಟೆ ಬಿಟ್ಟೆ. ಮನೆಯೆಲ್ಲ ಠಣಾರೆಂದಿತು.

"ಅಯ್ಯೋ, ಏನೋ ಅದು! ತಡಿ, ಕೇಳಿಸ್ಲೇ ಇಲ್ಲ. ಹಿಂದಕ್ಕೆ ಹಾಕ್ತೀನಿ."

ಹಾಕಿದಳು. ನನ್ನ ಕೈಯಲ್ಲಿ ಇನ್ನೊಂದು ತಟ್ಟೆ ಇರಲಿಲ್ಲ. "ಅಕ್ಕಾ, ತೆಗಿಯೇ! ಅಕ್ಕಾ!"

ಅವಳು ಕಣ್ಣು ತೆರೆದಳು. ಚಿತ್ರವನ್ನು ನಿಲ್ಲಿಸಿದಳು. ಪರದೆಯ ಮೇಲೆ ಕಬ್ಬಿಣದ ನಾಯಕ ಹಾಗೇ ಬಿದ್ದಿದ್ದ.

"ಪೆಟ್ಟಿಗೇಲಿ ನಿದ್ದೆ ಬಂದಿತ್ತು ಅಂದಿದ್ದೆ," ಎಂದಳು.

"ಬಂದಿತ್ತು ಅಕ್ಕ. ಇದು ಸುಮ್ನೆ ನಟನೆ."

"ನನ್ ಹತ್ರ ಹೇಳ್ಬೇಡ. ಇದೇ ದನಿ ಕಣೋ. ನಾನು ಕೇಳಿದೀನಿ."

ನನಗೆ ಅರ್ಥವಾಗಲಿಲ್ಲ. ಅವಳು ಬೀದಿಯಲ್ಲಿದ್ದಳಲ್ಲ, ಹೇಗೆ ಕೇಳಿಸೀತು?

"ನಾನು ಬೀದೀಗೆ ಹೋಗಿರ್ಲಿಲ್ಲ," ಎಂದಳು ಅಕ್ಕ, ರಿಮೋಟನ್ನೇ ನೋಡುತ್ತ. "ಮುಚ್ಚಳದ ಮೇಲೇ ಕೂತಿದ್ದೆ. ನೀನು ಆಟ ಆಡ್ತಿದೀಯ ಅಂದ್ಕೊಂಡು ನಗ್ತಿದ್ದೆ. ಆಮೇಲೆ ನೀನು ಸುಮ್ಮನಾಗ್ಬಿಟ್ಟೆ. ತೆಗೆದು ನೋಡೋಕೆ ಹೆದರಿಕೆ ಆಯ್ತು ಕಣೋ. ಅಮ್ಮ ಬರೋ ತನಕ ಹಾಗೇ ಕೂತಿದ್ದೆ."

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಐವತ್ತು ವರ್ಷದ ನನ್ನಕ್ಕ ಹತ್ತು ವರ್ಷದವಳಂತೆ ಮಂಡಿ ತಬ್ಬಿಕೊಂಡು ಕೂತಿದ್ದಳು, ಇನ್ನೂ ಆ ಮುಚ್ಚಳದಿಂದ ಇಳಿದೇ ಇಲ್ಲವೇನೋ ಎನ್ನುವ ಹಾಗೆ.

ಪಕ್ಕದಲ್ಲಿ ಕೂತೆ.

"ಸುಮ್ಮನಾದೆ ಅಂದ್ಯಲ್ಲ," ಎಂದೆ, "ಆಗ್ಲೇ ಅಕ್ಕ, ನಂಗೆ ನಿದ್ದೆ ಬಂದಿದ್ದು."

ಅಕ್ಕ ನನ್ನ ಮುಖ ನೋಡಿದಳು. ಸುಳ್ಳೆಂದು ಅವಳಿಗೆ ಗೊತ್ತಾಯಿತು. ಆದರೂ ಹೂಂ ಎಂದು ತಲೆಯಾಡಿಸಿ ನನ್ನ ಕೈಗೆ ರಿಮೋಟು ಕೊಟ್ಟಳು.