ಬೀಗರ ಲೇಥು

ನಮ್ಮ ಗಿರಣಿಯ ಎಂಜಿನ್ನಿನ ಸಿಲಿಂಡರ್ ಸವೆದದ್ದು ಯುದ್ಧದ ಕಾಲದಲ್ಲಿ. ಅಫಜಲಪುರದಲ್ಲಿ ಆಗ ಹಿಟ್ಟಿನ ಗಿರಣಿ ಎಂದರೆ ನಮ್ಮದೊಂದೇ. ಅಣ್ಣ ದೌಲತರಾಯ ಸೊಲ್ಲಾಪುರದಿಂದ ತರಿಸಿದ್ದ ಕಚ್ಚಾ ಎಣ್ಣೆಯ ಎಂಜಿನ್ನು ಅದು, ಟೂ-ಸ್ಟ್ರೋಕ್. ಬೆಳಿಗ್ಗೆ ಅದರ ತಲೆಗೆ ದೀಪ ಹಿಡಿದು ಕೆಂಪಗೆ ಕಾಯಿಸಿ, ಇಬ್ಬರು ಸೇರಿ ದೊಡ್ಡ ಚಕ್ರ ಎಳೆದರೆ ಭುಕ್ ಭುಕ್ ಎಂದು ಶುರುವಾಗುತ್ತಿತ್ತು. ಭೀಮಾ ದಂಡೆಯ ಹಳ್ಳಿಗಳ ಹೆಂಗಸರು ಆ ಸಪ್ಪಳ ಕೇಳಿಯೇ ಜೋಳದ ಬುಟ್ಟಿ ತಲೆಗೇರಿಸಿಕೊಂಡು ಹೊರಡುತ್ತಿದ್ದರು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಸಪ್ಪಳ ಸಣ್ಣದಾಯಿತು. ಹೊಗೆ ಹೆಚ್ಚಾಯಿತು. ಎರಡು ಬುಟ್ಟಿ ಜೋಳ ಸುರಿದರೆ ಬೀಸುವ ಕಲ್ಲು ಏದುಸಿರು ಬಿಡುತ್ತ ನಿಂತುಬಿಡುತ್ತಿತ್ತು. ಮಿಸ್ತ್ರಿ ರಾಜೇಸಾಬ ಎಂಜಿನ್ನು ಬಿಚ್ಚಿ, ಒಳಗೆ ಕೈಯಾಡಿಸಿ, ಎಣ್ಣೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಸಾವ್ಕಾರ್ರ, ಸಿಲಿಂಡರ್ ಹೊಟ್ಟಿ ಬಿಟ್ಟದ. ರಿಂಗ್ ಬದಲಿ ಮಾಡಿದ್ರ ನಡ್ಯಾಂಗಿಲ್ಲ. ಒಳಗ ಸಮಾ ಕೊರದು ಬೋರ್ ಹೊಡಸಬೇಕು, ಅದಕ್ಕ ಸರಿಯಾಗಿ ಹೊಸಾ ಪಿಸ್ಟನ್ ಮಾಡಸಬೇಕು."

"ಎಲ್ಲಿ?" ಎಂದ ಅಣ್ಣ.

"ಅದೇನ್ ಕೇಳ್ತೀರಿ? ಸೊಲ್ಲಾಪುರ. ದುಧನಿ ತನಕ ಗಾಡಿ, ಅಲ್ಲಿಂದ ರೈಲು. ಅಲ್ಲಿ ಬೋರ್ ಹೊಡಿಯೋ ದೊಡ್ಡ ಮಷೀನ್ ಅದ."

ಅಣ್ಣ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ತಾಟಿನ ಕಡೆ ನೋಡುತ್ತ ಹೇಳಿದ: "ಸಿಲಿಂಡರ್ ಆಳಂದಕ್ಕ ಒಯ್ಯೋಣು."

ನನಗೆ ಸಿಟ್ಟು ನೆತ್ತಿಗೇರಿತು. "ಆಳಂದಾಗ ಏನದ? ಅಳಿಯಂದು ಒಂದು ಮುರುಕಾ ಲೇಥ್ ಅದ. ಕಬ್ಬಿನ ಗಾಣ ರಿಪೇರಿ ಮಾಡೋ ಲೇಥಿನ್ಯಾಗ ಸಿಲಿಂಡರ್ ಕೊರಸ್ತಿಯೇನು? ತಲಿ ಬೋಳ್ಸಾಕ ಕುಡಗೋಲು ತಗೊಂಡಂಗಾತು."

"ಅಳಿಯಂದು ಅದ ಅಂತ್ಲೇ ಹೇಳಾಕತ್ತೇನಿ."

ರೊಟ್ಟಿ ಬಡಿಯುತ್ತಿದ್ದ ಅಣ್ಣನ ಹೆಂಡತಿ, ವೈನಿ ಸುಭದ್ರಾಬಾಯಿ ಕೈ ನಿಲ್ಲಿಸಿದಳು. "ನಾಗಣ್ಣಾ, ನೀ ಸುಮ್ನಿರು. ನಿನಗ ಎಂಜಿನ್ ಚಿಂತಿ. ನನಗ ನನ್ನ ಮಗಳು ಮನಿಗಿ ಬರಬೇಕು."

ಆಗ ನನಗೆ ತಿಳಿಯಿತು. ಅಣ್ಣನ ಒಬ್ಬಳೇ ಮಗಳು ಗುರುಶಾಂತಮ್ಮನನ್ನು ಆಳಂದದ ರೇವಣಪ್ಪನ ಮಗ ಧರ್ಮಣ್ಣನಿಗೆ ಕೊಟ್ಟಿದ್ದೆವು. ಮದುವೆಯಲ್ಲಿ ಬೀಗತಿಗೆ ಆಯೇರಿ ಮಾಡಿದ ಸೀರೆ ಹಗುರಾಯಿತೆಂದು ಅವರು ಮುಖ ತಿರುಗಿಸಿದ್ದರು. ಅದೇ ಮುನಿಸಿನಲ್ಲಿ ಹುಡುಗಿಯನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಲಿಲ್ಲ. ಅಲ್ಲಿ ಯಾವಳೋ ಅರೆಬರೆ ಸೂಲಗಿತ್ತಿ ಕೈ ಹಾಕಿದಳು. ಕೂಸು ಸತ್ತೇ ಹುಟ್ಟಿತು. ಹುಡುಗಿ ನಂಜೇರಿ ಹಿಂದಿನ ವರ್ಷದ ಮಳೆಗಾಲವೆಲ್ಲ ಹಾಸಿಗೆ ಹಿಡಿದಳು. ಈಗ ಮತ್ತೆ ಬಸುರಿ. ನಮ್ಮೂರಲ್ಲಿ ರಾಜೇಸಾಬನ ಹೆಂಡತಿ ಮೆಹರಾಜಬೇಗಂ ಇದ್ದಾಳೆ, ಪಳಗಿದ ಸೂಲಗಿತ್ತಿ. ಆ ಹೆಂಗಸಿನ ಕೈಯಲ್ಲಿ ಒಂದು ಕೂಸೂ ಕೆಟ್ಟದ್ದಿಲ್ಲ. ಈ ಸಲ ಮಗಳು ಅವಳ ಕೈಯಲ್ಲೇ ಹಡೆಯಬೇಕು ಎಂಬುದೊಂದೇ ಗಂಡ ಹೆಂಡಿರ ಜಪ. ಕಳಿಸಿರಿ ಎಂದು ಬಾಯಿಬಿಟ್ಟು ಕೇಳಿದರೆ ರೇವಣಪ್ಪ ಇಲ್ಲ ಅಂದಾನು. ಅವನ ಮಗನ ಲೇಥಿಗೆ ಕೆಲಸ ಕೊಟ್ಟು ಅವನ ಮಾನ ಹೆಚ್ಚಿಸಿದರೆ ಇಲ್ಲ ಅನ್ನಲಾರ. ಅಣ್ಣನ ಲೆಕ್ಕ ಅದು.

ಸಿಲಿಂಡರನ್ನು ಗಾಡಿಗೆ ಹೇರಿ ಅಣ್ಣ, ರಾಜೇಸಾಬ, ನಾನು ಮೂವರೂ ಆಳಂದಕ್ಕೆ ಹೋದೆವು. ರೇವಣಪ್ಪನ ಕಾರ್ಖಾನೆ ಎಂದರೆ ಒಂದು ತಗಡಿನ ಚಪ್ಪರ. ಮುಚ್ಚಿಹೋದ ಯಾವುದೋ ಹತ್ತಿ ಕಾರ್ಖಾನೆಯ ಲಿಲಾವಿನಲ್ಲಿ ಸವಾಲು ಕೂಗಿ, ಕಬ್ಬಿಣ ತಿರುಗಿಸಿ ಕೆತ್ತುವ ಆ ಲೇಥನ್ನು ಮಗನಿಗೋಸ್ಕರ ಹಿಡಿದಿದ್ದ. ನಮ್ಮ ಸಿಲಿಂಡರು ಅದರ ಮೇಲೆ ಸರಿಯಾಗಿ ಕೂರಲೇ ಇಲ್ಲ. ಧರ್ಮಣ್ಣ ಅಡಿಗೆ ಕಟ್ಟಿಗೆ ತುಂಡು ಕೊಟ್ಟು, ಸರಪಳಿ ಬಿಗಿದು ಕೂರಿಸಿದ. ಹುಡುಗ ಕೆಟ್ಟವನಲ್ಲ. ಕೆಲಸ ಕಲಿಯುವ ಮೊದಲೇ ಅಪ್ಪ ಅವನನ್ನು ಮಾಲಕನನ್ನಾಗಿ ಮಾಡಿದ್ದ, ಅಷ್ಟೆ.

ರಾಜೇಸಾಬ ನನ್ನ ಕಿವಿಯ ಹತ್ತಿರ ಬಂದ. "ನಾಗಣ್ಣ, ಇದು ಲೇಥ್ ಅಲ್ಲೋ. ಮುದಿ ಎತ್ತು. ನಡಕೋತನ ಹೊಯ್ದಾಡ್ತದ."

"ನಮ್ಮಣ್ಣಗ ಹೇಳು."

"ನಿಮ್ಮಣ್ಣ ಎತ್ತು ನೋಡಾಕ ಬಂದಿಲ್ಲ."

ರೇವಣಪ್ಪ ಎಲೆ ಅಡಿಕೆ ತಟ್ಟೆ ಮುಂದಿಟ್ಟು ಮೀಸೆ ತೀಡಿದ. "ಬೀಗರ, ಸೊಲ್ಲಾಪುರಕ್ಕ ಒಯ್ದ್ರ ಕಬ್ಬಿಣ ಬಂಗಾರ ಆಗ್ತದೇನ್ರಿ?"

"ಮನಿ ಕೆಲಸ ಮನ್ಯಾಗೇ ಆಗ್ಲಿ ಅಂತ ಬಂದೇವ್ರಿ," ಎಂದ ಅಣ್ಣ.

ರೇವಣಪ್ಪನ ಮುಖ ಅರಳಿತು. ಅಣ್ಣ ಕೇಳುವ ಮೊದಲೇ ಅವನೇ ಹೇಳಿದ: "ತಯಾರಾದ ಮ್ಯಾಲ ಧರ್ಮಣ್ಣನೇ ತಂದು ಕೂಡಸಿಕೊಡ್ತಾನ. ಸೊಸೀನೂ ಅದೇ ಗಾಡ್ಯಾಗ ಕಳಸ್ತೇವಿ. ಹಡದು ಎದ್ದು ಬರಲಿ." ಬರುವಾಗ ದಾರಿಯುದ್ದಕ್ಕೂ ಅಣ್ಣ ಎತ್ತುಗಳ ಜೊತೆ ಮಾತಾಡುತ್ತಿದ್ದ. ಅವನು ಹಾಗೆ ಸಂತೋಷಪಟ್ಟದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಹೇಳಿದ ಮಾತಿನಂತೆ ಧರ್ಮಣ್ಣ ಕಮಾನಿನ ಗಾಡಿ ಹೊಡೆದುಕೊಂಡು ಬಂದ. ಸಿಲಿಂಡರನ್ನು ಹೊಸ ಪಿಸ್ಟನ್ ಸಮೇತ ಗೋಣಿಯಲ್ಲಿ ಸುತ್ತಿ ಹುಲ್ಲಿನ ಮೇಲೆ ಇಟ್ಟಿದ್ದರು. ಅದರ ಹಿಂದೆ ಗುರುಶಾಂತಮ್ಮ ಕಾಲು ಮಡಚಿ ಕೂತಿದ್ದಳು. ಬಿಳಿಚಿಕೊಂಡಿದ್ದರೂ ನಕ್ಕಳು.

"ಕಾಕಾ, ಮೊದಲು ಯಾರನ್ನ ಇಳಸ್ತಿ? ನನ್ನೋ, ಇದನ್ನೋ?"

"ಯಾರು ಭಾರ ಅದೀರಿ ಅಂತ ಎತ್ತಿಗಿ ಕೇಳ್ತೇನಿ ತಡಿ," ಎಂದೆ. ವೈನಿ ನನ್ನನ್ನು ದೂಡಿ, ಮಗಳ ಮುಖ ಸವರಿ ನೆಟಿಗೆ ಮುರಿದಳು.

ಗಿರಣಿಯಲ್ಲಿ ರಾಜೇಸಾಬ ಗೋಣಿ ಬಿಚ್ಚಿದ. ಈ ತರದ ಎಂಜಿನ್ನಿನ ಸಿಲಿಂಡರಿನ ಗೋಡೆಯಲ್ಲೇ ಕಿಟಕಿಗಳಂಥ ಕಂಡಿಗಳಿರುತ್ತವೆ. ಒಂದರಿಂದ ಗಾಳಿ ಒಳಗೆ, ಇನ್ನೊಂದರಿಂದ ಹೊಗೆ ಹೊರಗೆ. ಪಿಸ್ಟನ್ನಿನ ರಿಂಗುಗಳು ಪ್ರತಿ ಸಲವೂ ಆ ಕಂಡಿಗಳ ಮೇಲೆ ಹಾಯಬೇಕು. ಬೋರ್ ಹೊಡೆದಾಗ ಕಂಡಿಗಳ ಅಂಚು ಕತ್ತಿಯಂತೆ ಏಳುತ್ತದೆ. ಅರ ಹಾಕಿ ಉಜ್ಜಿ ಅದನ್ನು ಮೊಂಡು ಮಾಡದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ರಾಜೇಸಾಬ ಹೆಬ್ಬೆರಳು ಒಳಗಿಟ್ಟು ಸವರಿದ. ಕೈ ತೆಗೆದಾಗ ರಕ್ತ ಜಿನುಗುತ್ತಿತ್ತು. ಪಾಯಜಾಮಕ್ಕೆ ಒರೆಸಿಕೊಂಡು ಮೆತ್ತಗೆ ಕೇಳಿದ:

"ಜಮಾಯಿಸಾಬ್, ಈ ಅಂಚು ಇಷ್ಟು ಅರ ಹಾಕ್ಲೇನ್ರಿ?"

"ನಾ ಹಾಕೇನಿ," ಎಂದ ಧರ್ಮಣ್ಣ. ಅವನ ಕಿವಿ ಕೆಂಪಾದವು.

ರಾಜೇಸಾಬ ಗೂಡಿನಿಂದ ಕ್ಯಾಲಿಪರ್ ತೆಗೆದ, ಸಿಲಿಂಡರಿನ ಎರಡೂ ಬಾಯಿ ಒಂದೇ ಅಗಲ ಇದೆಯೋ ಇಲ್ಲವೋ ಅಳೆಯುವುದಕ್ಕೆ. ಅಣ್ಣ ಅವನ ಕೈ ಹಿಡಿದ.

ನಮ್ಮಲ್ಲಿ ಬೀಗರು ಕೊಟ್ಟದ್ದನ್ನು ಅಳೆಯುವುದಿಲ್ಲ. ಅವರು ಕಳಿಸಿದ ಜೋಳಕ್ಕೆ ಸೇರು ಹಚ್ಚುವುದಿಲ್ಲ, ಸೀರೆಯ ಮಡಿಕೆ ಬಿಚ್ಚಿ ಮೊಳ ಹಾಕುವುದಿಲ್ಲ. ಹಾಗೆ ಮಾಡಿದರೆ ಅವರ ಮುಖಕ್ಕೆ ಉಗುಳಿದ ಹಾಗೆ. ಅದರಲ್ಲೂ ಅಳಿಯ ಎದುರಿಗೇ ನಿಂತಿದ್ದಾನೆ.

"ರಾಜೇಸಾಬ್, ಅದನ್ನ ಒಳಗಿಡು," ಎಂದ ಅಣ್ಣ. "ಕಾಯಿ ಒಡಿ, ಎಂಜಿನ್ ಹಚ್ಚು."

ಹಚ್ಚಿದರು. ಎಂಜಿನ್ನು ಜೋರಾಗಿಯೇ ಎದ್ದಿತು. ಜನ ಹೋ ಎಂದರು. ಅಳಿಯನಿಗೆ ಹೊಸ ರುಮಾಲು ಸುತ್ತಿ, ಹೋಳಿಗೆ ಊಟ ಹಾಕಿ ಕಳಿಸಿದೆವು. ಮುಂದಿನ ಸಂತೆ ಬರುವುದರೊಳಗೆ ಒಂದು ಬೆಳಿಗ್ಗೆ ಒಳಗೆ ಏನೋ ಟಕ್ ಎಂದು ಒಡೆದ ಸದ್ದಾಯಿತು. ಚಕ್ರ ಹೂತುಹೋದ ಹಾಗೆ ನಿಂತಿತು. ಬಿಚ್ಚಿ ನೋಡಿದರೆ ರಿಂಗು ಕಂಡಿಗೆ ಸಿಕ್ಕಿ ಚೂರಾಗಿತ್ತು. ಆ ಚೂರು ಗೋಡೆಯುದ್ದಕ್ಕೂ ಉತ್ತು ನೇಗಿಲ ಸಾಲು ಬಿಟ್ಟಿತ್ತು.

"ಈಗ್ಲೇ ಸೊಲ್ಲಾಪುರಕ್ಕ ಹೇರ್ತೇನಿ," ಎಂದೆ ನಾನು.

"ಹೇರಿದ್ರ ಸುದ್ದಿ ನಮ್ಮ ಗಾಡೀಗಿಂತ ಮೊದಲು ಆಳಂದಕ್ಕ ಹೋಗ್ತದ," ಎಂದ ಅಣ್ಣ. "ಮಗಳು ಹಡಿಯೋತನ ಎಂಜಿನ್ ಮುಟ್ಟಬ್ಯಾಡ್ರಿ. ಯುದ್ಧದ ಕಂಟ್ರೋಲಿನ್ಯಾಗ ಎಣ್ಣಿ ಸಿಗವಲ್ದು ಅಂತ ಊರಿಗಿ ಹೇಳ್ರಿ."

ಹಾಗೆಯೇ ಹೇಳಿದೆವು. ಗಿರಣಿಗೆ ಬೀಗ ಬಿತ್ತು. ಮೂಲೆ ಸೇರಿದ್ದ ಬೀಸುಕಲ್ಲುಗಳನ್ನು ಹೆಂಗಸರು ಮತ್ತೆ ಹೊರಗೆಳೆದರು. ನಸುಕಿನಲ್ಲಿ ಓಣಿಯುದ್ದಕ್ಕೂ ಕಲ್ಲಿನ ಗರಗರ. ಒಂದು ದಿನ ಗುರುಶಾಂತಮ್ಮ ನನಗೆ ಮಜ್ಜಿಗೆ ತಂದವಳು ಗಿರಣಿಯ ಹಿಂದೆ ಇಟ್ಟಿದ್ದ ಎಣ್ಣೆಯ ಪೀಪಾಯಿಯನ್ನು ಬೆರಳಿನಿಂದ ಬಡಿದಳು.

"ಕಾಕಾ, ಇದ್ರಾಗ ಎಣ್ಣಿ ತುಂಬೇ ಅದಲ್ಲ?"

ನನಗೆ ಸುಳ್ಳು ಬಾಯಿಗೆ ಬರುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಪೀಪಾಯಿಗೆ ಒರಗಿ ನಿಂತಳು.

"ಅವರಿಗಿ ಗೊತ್ತಾಗೋದು ಬ್ಯಾಡ ಕಾಕಾ. ಗೊತ್ತಾದ್ರ ನನ್ನ ಒಯ್ತಾರ. ಬ್ಯಾರೆ ಎಲ್ಲಾ ತಾಳ್ಕೋತೇನಿ. ಕೂಸು ಸತ್ತ ಆ ಕ್ವಾಣ್ಯಾಗ ಮತ್ತ ಮಲಗೂ ಧೈರ್ಯ ಇಲ್ಲ ನನಗ."

ಆದರೆ ಊರಿಗೆ ಕಿವಿ ಇಲ್ಲವೆ? ಎಂಜಿನ್ನು ಮುರಿದ ಸದ್ದು ಅರ್ಧ ಪೇಟೆಗೆ ಕೇಳಿತ್ತು. ರಟ್ಟೆ ನೋಯಿಸಿಕೊಂಡು ಬೀಸುವ ಹೆಂಗಸರು ಸುಮ್ಮನೆ ಬೀಸುತ್ತಾರೆಯೆ? ಹಾಡು ಕಟ್ಟಿದರು:

ಆಳಂದ ಲೇಥೀಗಿ ಅಳಿಯಾನ ಕೈ ಹತ್ತಿ
ಊರ ಎಂಜಿನ್ನಿಗಿ ಉಸಿರಿಲ್ಲ, ತಂಗೆವ್ವ,
ಬೀಸೋ ಕಲ್ಲೀಗಿ ಬರವಿಲ್ಲ.

ಗುರುಶಾಂತಮ್ಮನಿಗೆ ದಿನ ತುಂಬುತ್ತ ಬಂದಿದ್ದಾಗ ರೇವಣಪ್ಪ ಸೊಸೆಗೆ ತುಪ್ಪ, ಒಣ ಕೊಬ್ಬರಿ ಹೇರಿಕೊಂಡು ಹೊರಟ. ಅವಳನ್ನು ನೋಡಲೆಂದೇ ಬಂದವನು, ಅದನ್ನು ಇಲ್ಲ ಅನ್ನಲಾರೆ. ನಸುಕಿಗೇ ಊರು ಮುಟ್ಟಿ, ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸಲು ನಿಂತಿದ್ದಾನೆ. ಪಕ್ಕದ ಮನೆಯಿಂದ ಆ ಹಾಡು ಅವನ ಕಿವಿಗೆ ಬಿದ್ದಿದೆ.

ನಮ್ಮ ಮನೆಯೊಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಅಣ್ಣನನ್ನು ಕರೆದ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವನು ಕೂಗಲಿಲ್ಲ.

"ಬೀಗರ, ಕೆಲಸ ಕೆಟ್ಟದ್ದು ನನ್ನ ಮಗನ ಕೈಯಾಗ. ಖರೇ. ನನಗ ಒಂದು ಮಾತು ಹೇಳಿದ್ರ ನಾನೇ ಹೊತಗೊಂಡು ಸೊಲ್ಲಾಪುರಕ್ಕ ಹೋಗ್ತಿದ್ನಲ್ರಿ. ನೀವು ನನ್ನ ಮುಂದ ಬಾಯಿ ಮುಚ್ಕೊಂಡ್ರಿ, ಊರ ಹೆಂಗಸರಿಗಿ ಹಾಡಾಕ ಕೊಟ್ರಿ."

"ನಿಮ್ಮ ಮರ್ಯಾದಿ ಉಳಿಲಿ ಅಂತ..." ಎಂದ ಅಣ್ಣ.

"ಉಳೀತಲ್ಲ! ಬೀಸೋ ಕಲ್ಲಿನ ಕೆಳಗ ಉಳೀತು. ಸೊಸೀನ ಕಳಸ್ರಿ."

ಅಣ್ಣ ಕೈ ಮುಗಿದ. ವೈನಿ ಬೀಗನ ಕಾಲಿಗೆ ಬಿದ್ದಳು. ಸದ್ದು ಕೇಳಿ ಓಡಿ ಬಂದ ಮೆಹರಾಜಬೇಗಂ ಸೆರಗು ಸೊಂಟಕ್ಕೆ ಸಿಗಿಸಿ ರೇವಣಪ್ಪನ ಎದುರು ನಿಂತಳು. "ಯಾ ಅಲ್ಲಾ! ಕೂಸು ಅಡ್ಡ ಮಲಗ್ಯದ, ನಾ ದಿನಾ ಎಣ್ಣಿ ಹಚ್ಚಿ ತಿರಗಸಾಕತ್ತೇನಿ. ಈಗ ಗಾಡ್ಯಾಗ ಕುಲಕ್ಯಾಡಿಸಿ ಒಯ್ತೀರಿ? ನಿಮ್ಮ ಮೊಮ್ಮಗ ಅಲ್ಲೇನ್ರಿ ಅದು?"

"ಆಳಂದಾಗೂ ಹೆಂಗಸರು ಹಡೀತಾರ," ಎಂದ ರೇವಣಪ್ಪ.

ನಾನು ಹೋಗಿ ಅವನ ಎತ್ತಿನ ಮೂಗುದಾರ ಹಿಡಿದೆ. ನನ್ನ ಹೆಣದ ಮೇಲೆ ಗಾಡಿ ಹೊಡೆ ಎಂದೆ. ಅಣ್ಣ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಬಿಡು ನಾಗಣ್ಣ. ಅಕಿ ನಾಳಿ ಬಾಳಬೇಕಾದದ್ದು ಅವರ ಮನ್ಯಾಗ." ಗುರುಶಾಂತಮ್ಮ ಅಳಲಿಲ್ಲ. ಗಂಟು ಕಟ್ಟಿಕೊಂಡು ತಾನೇ ಬಂದು ಗಾಡಿಗೆ ಕೈ ಹಚ್ಚಿದಳು. ಹತ್ತಲಾಗಲಿಲ್ಲ. ನಾನೇ ಎತ್ತಿ ಕೂರಿಸಬೇಕಾಯಿತು.

ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅಣ್ಣ ಸಿಲಿಂಡರ್ ಹೇರಿಕೊಂಡು ಸೊಲ್ಲಾಪುರಕ್ಕೆ ಹೋದ. ಕೆಲಸ ಮುಗಿಯುವ ತನಕ ಅಲ್ಲೇ ಇರುತ್ತೇನೆ, ಮನೆಯಲ್ಲಿ ಕೂರಲಾಗುವುದಿಲ್ಲ ಎಂದ. ಅವನು ಹೋದ ವಾರವೇ ಆಳಂದದಿಂದ ಆಳು ಬಂದ. ಕುದುರೆಯಿಂದ ಇಳಿದವನು ನೀರು ಬೇಡ ಎಂದ. ಅಷ್ಟರಲ್ಲೇ ವೈನಿಗೆ ಗೊತ್ತಾಗಿಹೋಯಿತು. ಕೂಸು ಅಡ್ಡವೇ ಉಳಿದಿತ್ತಂತೆ. ಎರಡೂ ಜೀವ ಹೋಗಿದ್ದವು.

ವೈನಿಯನ್ನು ಮೆಹರಾಜಬೇಗಂ ಜೊತೆಗೆ ಆಳಂದಕ್ಕೆ ಹೊರಡಿಸಿ ನಾನು ದುಧನಿಗೆ ಹೋಗಿ ರೈಲು ಹತ್ತಿದೆ. ತಂತಿ ಕೊಡಬಹುದಿತ್ತು. ಅಂಥ ಮಾತನ್ನು ಪೋಸ್ಟಿನವನ ಕೈಯಲ್ಲಿ ಅಣ್ಣನಿಗೆ ಕೊಡಿಸಲು ಮನಸ್ಸಾಗಲಿಲ್ಲ.

ಸೊಲ್ಲಾಪುರದ ಆ ಕಾರ್ಖಾನೆ ದೊಡ್ಡದು. ಮೇಲೆ ಉದ್ದಕ್ಕೂ ಗಾಲಿಗಳು, ಗಾಲಿ ಗಾಲಿಗೂ ಪಟ್ಟಾ, ಕೆಳಗೆ ಸಾಲಾಗಿ ಮಷೀನುಗಳು. ಎದೆಯೊಳಗೆಲ್ಲ ಅದೇ ಸದ್ದು. ನಮ್ಮ ಸಿಲಿಂಡರು ಒಂದು ಮಷೀನಿನ ಮೇಲೆ ಅಲುಗದೆ ಕೂತಿತ್ತು. ಒಳಗೆ ಉಳಿ ತಿರುಗುತ್ತಿತ್ತು. ಅಣ್ಣ ಪಕ್ಕದಲ್ಲಿ ನಿಂತು ಉದುರುತ್ತಿದ್ದ ಕಬ್ಬಿಣದ ಪುಡಿ ನೋಡುತ್ತಿದ್ದ. ನನ್ನನ್ನು ಕಂಡು ಕೈ ಮಾಡಿದ. ಕೆಲಸ ಚೆನ್ನಾಗಿ ಆಗುತ್ತಿದೆ ಎನ್ನುವಂತೆ ತಲೆಯಾಡಿಸಿದ.

ಹತ್ತಿರ ಹೋಗಿ ಹೇಳಿದೆ. ಅವನು ಕಿವಿಗೆ ಕೈ ಹಚ್ಚಿದ. ಕೇಳಿಸಿರಲಿಲ್ಲ.

ಕೂಗಿ ಹೇಳಿದೆ. ಆ ಮಾತನ್ನು ನಾನು ಸಂತೆಯಲ್ಲಿ ಎಮ್ಮೆಯ ಬೆಲೆ ಕೂಗುವ ಹಾಗೆ ಕೂಗಿ ಹೇಳಬೇಕಾಯಿತು. ಆಚೆ ನಿಂತಿದ್ದ ಕೆಲಸಗಾರನಿಗೆ ಕನ್ನಡ ಬರುತ್ತಿತ್ತೋ ಏನೋ, ನನ್ನ ಮುಖ ನೋಡಿ ಕೋಲಿನಿಂದ ಪಟ್ಟಾ ಸರಿಸಿದ. ಉಳಿ ನಿಧಾನವಾಗಿ ನಿಂತಿತು. ನಮ್ಮ ಸುತ್ತ ಅಷ್ಟು ಜಾಗ ಮೌನವಾಯಿತು.

ಅಣ್ಣ ಇನ್ನೂ ಕಿವಿಯಿಂದ ಕೈ ತೆಗೆದಿರಲಿಲ್ಲ.

"ಏನಂದಿ ತಮ್ಮಾ?" ಎಂದ. "ಸದ್ದಿನ್ಯಾಗ ತಿಳಿಲಿಲ್ಲ. ಮತ್ತೊಮ್ಮೆ ಹೇಳು."

ಅವನಿಗೆ ಕೇಳಿಸಿತ್ತು. ಆದರೂ ಹಿರಿಯ ಅಣ್ಣ ಕೇಳಿದ್ದ, ಮತ್ತೊಮ್ಮೆ ಹೇಳಿದೆ.