ನಮ್ಮ ಬೀದಿಯಲ್ಲಿ ಹರಿದ ಪೆಲ್ತೆವ್

ನನ್ನಣ್ಣ ಸೆವೆರಿನ್ ಚಿತ್ರಕಾರ, ಶಿಲ್ಪಿ. ಆದರೆ ಅವನ ಕೆಲಸದಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಾದದ್ದು ಹೆಚ್ಚು. ಒಮ್ಮೆ ಪ್ರದರ್ಶನದ ಖಾಲಿ ಕೋಣೆಯಲ್ಲಿ ಬರೀ ಒಂದು ಹೊಸ್ತಿಲನ್ನು ಇಟ್ಟಿದ್ದ. ಪಕ್ಕದ ಮನೆಯ ಟ್ರಾಮ್ ಚಾಲಕ ಗೆರ್ವಾಜಿ ನೋಡಿಬಂದು, "ಬಾಗಿಲು ಮಾಡೋಕೆ ಮರ ಸಾಲ್ಲಿಲ್ವೇನಯ್ಯಾ?" ಎಂದು ಕಾಲೆಳೆದಿದ್ದ.

ಯುದ್ಧ ಮುಗಿದು ಗಡಿ ಸರಿದಾಗ ನಮ್ಮೂರು ಲ್ವುಫ್ ಬೇರೆ ದೇಶದ ಪಾಲಾಯಿತು. ನಮ್ಮನ್ನು ಗೂಡ್ಸ್ ರೈಲಿನಲ್ಲಿ ತುಂಬಿ ಇಲ್ಲಿ ವ್ರೊಟ್ಸ್‌ವಾಫ್‌ನಲ್ಲಿ ಇಳಿಸಿದರು. ಗೆರ್ವಾಜಿಯೂ ಸೇರಿ ಈ ಬೀದಿಯ ಮುಕ್ಕಾಲು ಪಾಲು ಜನ ಹಾಗೆ ಬಂದವರೇ. ಅಪ್ಪ ಲ್ವುಫ್‌ನಲ್ಲೇ ಮಣ್ಣಾಗಿದ್ದರು. ಅಮ್ಮ ಲೆಯೊಕಾದಿಯಾ ತಲೆ ನೆರೆತರೂ ಇಲ್ಲಿನ ಓಡ್ರಾವನ್ನು ನದಿಯೆಂದು ಒಪ್ಪಲಿಲ್ಲ. ನಮ್ಮೂರಿನ ನದಿ ಪೆಲ್ತೆವ್. ಅದನ್ನು ಎಂದೋ ರಸ್ತೆಗಳ ಕೆಳಗೆ ಮುಚ್ಚಿಬಿಟ್ಟಿದ್ದರು. ನಾವು ಯಾರೂ ಅದನ್ನು ಕಂಡಿರಲಿಲ್ಲ. "ಮಳೆ ಬಂದ ದಿನ ಬೀದಿಗೆ ಕಿವಿಗೊಟ್ರೆ ಸದ್ದು ಕೇಳೋದು" ಎನ್ನುತ್ತಿದ್ದಳು ಅಮ್ಮ.

ಒಂದು ಜೂನ್ ಭಾನುವಾರ ಬೆಳಗ್ಗೆ ಅಣ್ಣ ಸುಣ್ಣಕ್ಕೆ ನೀಲಿ ಕಲಸಿಕೊಂಡು ಬೀದಿಗಿಳಿದ. ಕಲ್ಲುಹಾಸಿನ ಮೇಲೆ ಅಗಲವಾಗಿ ಬಳಿಯುತ್ತ ಟ್ರಾಮ್ ಹಳಿ ದಾಟಿದ, ಚರ್ಚಿನ ಬಳಿ ಎಡಕ್ಕೆ ತಿರುಗಿದ. ಪೂಜೆ ಮುಗಿಸಿ ಹೊರಬಂದ ಜನ ನಿಂತು ನೋಡಿದರು. ಅಮ್ಮ ಆ ನೀಲಿಯ ಪಕ್ಕದಲ್ಲೇ ನಡೆದುಬಂದಳು.

"ಸೆವೆಕ್, ಇದು ಪೆಲ್ತೆವ್ ಅಲ್ವೇನೋ?"

ಅಣ್ಣ ತಲೆಯಾಡಿಸಿದ.

"ಮತ್ತೆ ಇಲ್ಯಾಕೆ ಎಡಕ್ಕೆ ತಿರುಗಿಸ್ದೆ? ನಮ್ಮೂರಲ್ಲಿ ನಾಟಕಶಾಲೆವರೆಗೂ ನೆಟ್ಟಗೆ ಹೋಗೋದು."

"ನೆಟ್ಟಗೆಲ್ಲಿ ಲೆಯೊಕಾದಿಯಮ್ಮಾ? ನಮ್ಮಜ್ಜಿ ಮನೆ ಹಿಂದೆ ಬಳಸ್ಕೊಂಡು ಹೋಗ್ತಿತ್ತು," ಎಂದ ಗೆರ್ವಾಜಿ.

"ನಿಮ್ಮಜ್ಜಿ ಮನೆ ಹಿಂದೆ ಇದ್ದಿದ್ದು ಚರಂಡಿ ಕಣಪ್ಪಾ!"

ಎಲ್ಲರೂ ನಕ್ಕರು. ನಗುತ್ತಲೇ ವಾದಕ್ಕಿಳಿದರು. ಅಣ್ಣ ಕುಂಚವನ್ನು ಅಮ್ಮನ ಕೈಗಿತ್ತ. ಅಮ್ಮ ಬಳಿದಳು, ಗೆರ್ವಾಜಿ ಬಳಿದ, ರೊಟ್ಟಿ ಅಂಗಡಿಯಾಕೆ ಭಾನುವಾರದ ಬಟ್ಟೆಯಲ್ಲೇ ಮಂಡಿಯೂರಿದಳು. ಕಾಣದ ಒಂದು ನದಿ ನಾಲ್ಕಾರು ಕವಲಾಗಿ ಬೀದಿ ತುಂಬಾ ಹರಿಯಿತು.

ಅಷ್ಟರಲ್ಲಿ ಪೊಲೀಸರು ಬಂದರು. ಕೈತಪ್ಪಿದ ಊರಿನ ನೆನಪೆತ್ತುವುದನ್ನು ಸರ್ಕಾರ ಸಹಿಸುತ್ತಿರಲಿಲ್ಲ; ಲ್ವುಫ್ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

"ಏನ್ರೀ ಇದು?"

"ನದಿ," ಎಂದ ಅಣ್ಣ.

"ಯಾವ ನದಿ?"

ಗೆರ್ವಾಜಿ ಟೋಪಿ ತೆಗೆದು, "ಅದೇ ಇನ್ನೂ ತೀರ್ಮಾನ ಆಗಿಲ್ಲ ಸಾರ್," ಎಂದ.

ಅವರು ನಗಲಿಲ್ಲ. ಎಲ್ಲವನ್ನೂ ತೊಳೆಯಲು ಅಣ್ಣನಿಗೆ ಹೇಳಿ ಅಲ್ಲೇ ಕಾವಲು ನಿಂತರು. ಅಣ್ಣ ಕಸಬರಿಕೆ, ಬಕೆಟ್ ಹಿಡಿದ. ನಾನು ನೀರು ಹೊತ್ತೆ. ಅವನು ಬೇರೆ ಕವಲುಗಳನ್ನೆಲ್ಲ ಮೊದಲು ಉಜ್ಜಿ, ಅಮ್ಮ ಬಳಿದದ್ದನ್ನು ಕಡೆಗೆ ಉಳಿಸಿಕೊಂಡ. ಅದರ ಅಂಚಿನಲ್ಲಿ ಅಮ್ಮ ಕುರ್ಚಿ ಹಾಕಿಸಿಕೊಂಡು, ದಂಡೆಯ ಮೇಲೆ ಕೂತವಳಂತೆ ಕಾಲು ಚಾಚಿ ಕೂತಿದ್ದಳು.

ಆ ದಿನದ ಫೋಟೊ ಒಂದೂ ಇಲ್ಲ. ಅಣ್ಣನ ಹೆಸರಿನ ಪ್ರದರ್ಶನಗಳಲ್ಲಿ ಈ ಕೆಲಸದ ಸುದ್ದಿಯೂ ಇಲ್ಲ. ತನ್ನ ಕೆಲಸಗಳಲ್ಲಿ ಅದೊಂದೇ ಪೂರ್ತಿಯಾದದ್ದು ಎಂದು ಅವನು ನನ್ನ ಬಳಿ ಮಾತ್ರ ಹೇಳಿದ್ದ.

ಆ ದಿನ ಕಸಬರಿಕೆ ತನ್ನ ಕಾಲಬುಡಕ್ಕೆ ಬಂದಾಗ ಅಮ್ಮ ಪಾದ ಎತ್ತಿಕೊಂಡಳು.

"ನಿಮ್ಮಪ್ಪ ಇದ್ದಿದ್ರೆ ಹೇಳೋರು ಕಣೋ, ಯಾರ ದಾರಿ ಸರಿ ಅಂತ," ಎಂದಳು.